ಸೇವ್ ಒತ್ತಿದಾಗ ಎಡಿಟರ್ ಕಲ್ಲಾಗಿ ಕೂತರೆ: ಹಂಚಿಕೊಂಡ ಎಸ್‌ಎಸ್‌ಎಚ್ ಇಟ್ಟುಕೊಳ್ಳಬೇಕೇ, ಬಿಡಬೇಕೇ?

ಸರ್ವರಿನಲ್ಲಿರುವ ಫೈಲೊಂದನ್ನು ನಮ್ಮ ಎಡಿಟರಿನಲ್ಲಿ ತೆರೆದು ತಿದ್ದುತ್ತಿರುತ್ತೇವೆ. ನಡುವೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ, ಅರ್ಧ ಗಂಟೆ ಬಿಟ್ಟು ಬಂದು, ಎರಡು ಸಾಲು ಬದಲಿಸಿ ಸೇವ್ ಒತ್ತುತ್ತೇವೆ. ಕರ್ಸರ್ ಅಲ್ಲೇ ನಿಂತುಬಿಡುತ್ತದೆ. ಎರರ್ ಇಲ್ಲ, ಮೆಸೇಜ್ ಇಲ್ಲ. ಬೇರೆ ಟರ್ಮಿನಲ್ ತೆರೆದು ಅದೇ ಸರ್ವರಿಗೆ ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಕಮಾಂಡ್) ಕೊಟ್ಟರೆ ಅದೂ ಬಾಯಿ ಬಿಡುವುದಿಲ್ಲ. ಸರ್ವರೇ ಬಿದ್ದಿರಬೇಕು ಎಂದು ಸಹೋದ್ಯೋಗಿಯನ್ನು ಕೇಳಿದರೆ, "ನನಗೆ ಸರಿಯಾಗೇ ಬರ್ತಿದೆಯಲ್ಲ" ಎನ್ನುತ್ತಾರೆ.

ಇಂಥದ್ದು ನಾಲ್ಕು ಸಲ ಆದ ಮೇಲೆ ಬಹಳ ಜನ ಎಡಿಟರನ್ನೇ ಬದಲಿಸಿಬಿಡುತ್ತಾರೆ. ಹಾಗೆ ಬದಲಿಸಿದವರಲ್ಲಿ ನಾನೂ ಒಬ್ಬ. ಹೊಸ ಎಡಿಟರಿನಲ್ಲೂ ಮೂರನೆಯ ದಿನಕ್ಕೆ ಅದೇ ಕಥೆ ಆಯಿತು. ಕೆಟ್ಟಿದ್ದು ಎಡಿಟರ್ ಅಲ್ಲ, ಎಡಿಟರ್ ಮತ್ತು ಟರ್ಮಿನಲ್ ಎರಡೂ ನೆಚ್ಚಿಕೊಂಡಿದ್ದ ಹಂಚಿಕೊಂಡ ಕನೆಕ್ಷನ್. ಹಾಗಾಗಿ ಇಲ್ಲಿ ತೂಗಿ ನೋಡುವುದು ಎಡಿಟರುಗಳನ್ನಲ್ಲ. ಆ ಕನೆಕ್ಷನ್ನಿನ ಯಜಮಾನಿಕೆ ಯಾರ ಕೈಯಲ್ಲಿರಬೇಕು ಎಂಬುದನ್ನು: ನಿಮ್ಮ ಕೈಯಲ್ಲೇ, ಎಡಿಟರಿನ ಕೈಯಲ್ಲೇ, ಅಥವಾ ಹಂಚಿಕೆಯೇ ಬೇಡವೇ?

ಹಂಚಿಕೆ ಅಂದರೆ ಇಷ್ಟು

ಬಹುತೇಕರು ಬಳಸುವ ಎಸ್‌ಎಸ್‌ಎಚ್ ಪ್ರೋಗ್ರಾಮಾದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಈ ಸೌಲಭ್ಯ 2004ರಲ್ಲಿ ಬಂದ 3.9ನೇ ಆವೃತ್ತಿಯಿಂದಲೂ ಇದೆ. ಕಂಟ್ರೋಲ್‌ಮಾಸ್ಟರ್ ಎಂಬ ಆಯ್ಕೆಯನ್ನು ಆಟೋ ಎಂದಿಟ್ಟರೆ, ಒಂದು ಸರ್ವರಿಗೆ ನೀವು ಮಾಡುವ ಮೊದಲ ಕನೆಕ್ಷನ್ ಮಾಸ್ಟರ್ ಆಗುತ್ತದೆ. ಅದು ನಿಮ್ಮ ಕಂಪ್ಯೂಟರಿನಲ್ಲಿ ಒಂದು ಸಾಕೆಟ್ ಫೈಲ್ (ಉಳಿದ ಪ್ರೋಗ್ರಾಮುಗಳು ಅದರೊಂದಿಗೆ ಮಾತಾಡುವ ಬಾಗಿಲು) ಇಟ್ಟುಕೊಂಡು ಕಾಯುತ್ತದೆ. ಆಮೇಲೆ ಬರುವ ಎಸ್‌ಎಸ್‌ಎಚ್, ಫೈಲ್ ಕಾಪಿ ಮಾಡುವ ಎಸ್‌ಸಿಪಿ, ಕೋಡಿನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್ ಎಲ್ಲವೂ ಆ ಸಾಕೆಟ್ಟಿನ ಮೂಲಕ ಅದೇ ಕನೆಕ್ಷನ್ನಿನಲ್ಲಿ ಹೋಗುತ್ತವೆ. ಮತ್ತೆ ಪಾಸ್‌ವರ್ಡ್ ಇಲ್ಲ, ಓಟಿಪಿ ಇಲ್ಲ, ಕೀ ವಿನಿಮಯದ ಕಾಯುವಿಕೆಯೂ ಇಲ್ಲ. 2010ರ 5.6ನೇ ಆವೃತ್ತಿ ಇದಕ್ಕೆ ಕಂಟ್ರೋಲ್‌ಪರ್ಸಿಸ್ಟ್ ಸೇರಿಸಿತು. ಮೊದಲ ಟರ್ಮಿನಲ್ ಮುಚ್ಚಿದ ಮೇಲೂ ಮಾಸ್ಟರ್ ಹಿನ್ನೆಲೆಯಲ್ಲಿ ನೀವು ಹೇಳಿದಷ್ಟು ಹೊತ್ತು ಉಳಿಯುತ್ತದೆ.

ಅನುಕೂಲ ಎಲ್ಲಿದೆಯೋ ಅಪಾಯವೂ ಅಲ್ಲೇ ಇದೆ. ಎಲ್ಲವೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿರುವುದರಿಂದ ಹಗ್ಗ ಹರಿದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ.

ಆಯ್ಕೆಗೆ ಮುಂಚೆ, ಕಳ್ಳ ಯಾರೆಂದು ನೋಡಿ

ಮೊದಲು ಹಂಚಿಕೆಯನ್ನು ಬದಿಗಿಟ್ಟು ಒಳಗೆ ಹೋಗಿ ನೋಡಿ. ಎಸ್‌ಎಸ್‌ಎಚ್ ಕಮಾಂಡಿಗೆ ಹೈಫನ್ ಕ್ಯಾಪಿಟಲ್ ಎಸ್ ಹಾಕಿ, ಮುಂದೆ 'ನನ್', ಅಂದರೆ ಯಾವುದೂ ಬೇಡ ಎಂಬ ಪದ ಬರೆದು, ಸರ್ವರಿನ ಹೆಸರು ಕೊಡಿ. ಇದು ಹಳೆಯ ಸಾಕೆಟ್ಟನ್ನು ಮುಟ್ಟದೆ ಹೊಸದಾಗಿ ಲಾಗಿನ್ ಮಾಡುತ್ತದೆ. ಎಡಿಟರ್ ಕಲ್ಲಾಗಿ ಕೂತಿದ್ದಾಗಲೂ ಈ ದಾರಿಯಲ್ಲಿ ಸಲೀಸಾಗಿ ಒಳಗೆ ಹೋದಿರಾದರೆ ತಪ್ಪು ಹಂಚಿಕೆಯದ್ದೇ. ಇಲ್ಲೂ ನಿಂತರೆ ನೆಟ್‌ವರ್ಕ್ ಅಥವಾ ಸರ್ವರಿನ ಕಡೆ ನೋಡಿ. ಆಗ ಈ ಬರಹದ ಯಾವ ಆಯ್ಕೆಯೂ ನಿಮ್ಮನ್ನು ಕಾಪಾಡುವುದಿಲ್ಲ.

ಎರಡನೆಯದು ಹೈಫನ್ ಕ್ಯಾಪಿಟಲ್ ಓ ಜೊತೆಗೆ 'ಚೆಕ್'. ಮಾಸ್ಟರ್ ಇದೆಯೇ, ಅದರ ಪ್ರೊಸೆಸ್ ನಂಬರ್ ಎಷ್ಟು ಎಂದು ಹೇಳುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ. ಈ ಪ್ರಶ್ನೆ ಹೋಗುವುದು ನಿಮ್ಮ ಕಂಪ್ಯೂಟರಿನಲ್ಲಿರುವ ಮಾಸ್ಟರಿಗೇ ಹೊರತು ಸರ್ವರಿನ ತನಕ ಅಲ್ಲ. ವೈಫೈ ಬದಲಾಗಿ ಆಚೆ ದಡ ಕಳಚಿಹೋಗಿ ಹತ್ತು ನಿಮಿಷವಾಗಿದ್ದರೂ, ಈಚೆ ದಡದಲ್ಲಿರುವ ಮಾಸ್ಟರ್ "ಇದ್ದೇನೆ" ಎಂದೇ ಉತ್ತರಿಸುತ್ತದೆ. ಈ ಉತ್ತರ ನೋಡಿ ಕನೆಕ್ಷನ್ ಜೀವಂತವಾಗಿದೆ ಎಂದು ತೀರ್ಮಾನಿಸಬೇಡಿ. 'ಚೆಕ್' ಇದ್ದ ಜಾಗದಲ್ಲಿ 'ಎಕ್ಸಿಟ್' ಎಂದು ಬರೆದರೆ ಮಾಸ್ಟರ್ ಕೆಳಗಿಳಿಯುತ್ತದೆ, ಮುಂದಿನ ಸೇವ್ ಹೊಸ ಕನೆಕ್ಷನ್ ತೆಗೆದುಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ನಂಬರಿನ ಪ್ರೊಸೆಸನ್ನು ಕೊಂದು, ಸಾಕೆಟ್ ಫೈಲ್ ಉಳಿದಿದ್ದರೆ ಅಳಿಸಿ.

ಮೂರನೆಯದು ಹೈಫನ್ ಕ್ಯಾಪಿಟಲ್ ಜಿ. ಆ ಸರ್ವರಿಗೆ ಕೊನೆಗೆ ಯಾವ ಆಯ್ಕೆಗಳು ಜಾರಿಯಲ್ಲಿವೆ ಎಂದು ಕನೆಕ್ಟ್ ಆಗದೆಯೇ ತೋರಿಸುತ್ತದೆ. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಮೊದಲು ಸಿಕ್ಕಿದ ಬೆಲೆಯೇ ಗೆಲ್ಲುವುದು. ಮೇಲೆ ಎಲ್ಲ ಸರ್ವರುಗಳಿಗೂ ಅನ್ವಯಿಸುವಂತೆ ಬರೆದು, ಕೆಳಗೆ ಒಂದು ಸರ್ವರಿಗೆ ಬೇರೆ ಬೆಲೆ ಕೊಟ್ಟರೆ ಕೆಳಗಿನದ್ದಕ್ಕೆ ಕಿಮ್ಮತ್ತಿಲ್ಲ. "ಬದಲಿಸಿದರೂ ಬದಲಾಗುತ್ತಿಲ್ಲ" ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ.

ಯಾವುದರಿಂದ ಅಳೆಯುವುದು?

ನನ್ನ ಮಟ್ಟಿಗೆ ನಾಲ್ಕು ಪ್ರಶ್ನೆ ಸಾಕು. ಒಂದು ಸಲ ಲಾಗಿನ್ ಆಗುವುದಕ್ಕೆ ಎಷ್ಟು ಶ್ರಮ? ಏಜೆಂಟಿನಲ್ಲಿ (ಕೀಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಮಿನಲ್ಲಿ) ಪಾಸ್‌ವರ್ಡಿನ ಬದಲಿಗೆ ಬಳಸುವ ಕೀ ಇದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಹೋಗುತ್ತೀರೋ, ಪ್ರತಿ ಸಲ ಫೋನ್ ತೆಗೆದು ಓಟಿಪಿ ನೋಡಬೇಕೋ? ನಿಮ್ಮ ನೆಟ್‌ವರ್ಕ್ ಎಷ್ಟು ಗಟ್ಟಿ? ಸರ್ವರಿನ ಮೇಲೆ ನಿಮಗೆಷ್ಟು ಹಕ್ಕು, ಅದರಲ್ಲಿ ಎಷ್ಟು ಮೆಮೊರಿ ಖಾಲಿ? ಕೊನೆಯದಾಗಿ, ತಿದ್ದುವುದು ಆಗೊಂದು ಈಗೊಂದು ಕಾನ್ಫಿಗ್ ಫೈಲೋ, ದಿನವಿಡೀ ಸಾವಿರಾರು ಫೈಲುಗಳ ಪ್ರಾಜೆಕ್ಟೋ? ಕೆಳಗಿನ ಸಾಧನಗಳನ್ನು ಬಳಸಲು ದುಡ್ಡು ಕೊಡಬೇಕಾಗಿಲ್ಲ. ಬಜೆಟ್ ಎಂದರೆ ಇಲ್ಲಿ ಸರ್ವರಿನ ಮೆಮೊರಿ ಮತ್ತು ನಿಮ್ಮ ತಾಳ್ಮೆ.

ಹಂಚಿಕೆ ನಿಮ್ಮ ಕೈಯಲ್ಲೇ

ಇಲ್ಲಿ ಕಾನ್ಫಿಗ್ ಫೈಲಿನಲ್ಲಿ ನೀವೇ ಕಂಟ್ರೋಲ್‌ಮಾಸ್ಟರ್, ಕಂಟ್ರೋಲ್‌ಪಾತ್ (ಸಾಕೆಟ್ ಎಲ್ಲಿರಬೇಕು ಎಂಬುದು), ಕಂಟ್ರೋಲ್‌ಪರ್ಸಿಸ್ಟ್ ಬರೆಯುತ್ತೀರಿ. ಎಡಿಟರ್, ಟರ್ಮಿನಲ್, ಗಿಟ್ ಎಲ್ಲವೂ ಅದನ್ನೇ ಬಳಸುತ್ತವೆ. ವಿಮ್ ಎಡಿಟರಿನಲ್ಲಿ ದೂರದ ಫೈಲ್ ತೆರೆಯುವ ನೆಟ್‌ಆರ್‌ಡಬ್ಲ್ಯೂ ಬಳಸುವವರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಅದು ಎಸ್‌ಸಿಪಿ ವಿಳಾಸದ ಫೈಲನ್ನು ತೆರೆಯುವಾಗ ಒಮ್ಮೆ, ಸೇವ್ ಮಾಡುವಾಗ ಪ್ರತಿ ಸಲ, ಹೊರಗಿನ ಎಸ್‌ಸಿಪಿ ಕಮಾಂಡನ್ನು ಕರೆಯುತ್ತದೆ. ಹಂಚಿಕೆ ಇಲ್ಲದಿದ್ದರೆ ಪ್ರತಿ ಸೇವ್ ಕೂಡ ಒಂದು ಪೂರ್ತಿ ಲಾಗಿನ್.

ಓಟಿಪಿ ಕೇಳುವ ಸರ್ವರಿಗೂ ಇದೇ ದಾರಿ. ಎಡಿಟರಿನೊಳಗೆ ಓಟಿಪಿ ಪ್ರಶ್ನೆ ಸರಿಯಾಗಿ ಕಾಣುತ್ತದೆ ಎಂಬ ಭರವಸೆ ಇಲ್ಲ. ಬೆಳಗ್ಗೆ ಟರ್ಮಿನಲ್ಲಿನಲ್ಲಿ ಹೈಫನ್ ಎಂ, ಎನ್, ಎಫ್ ಕೊಟ್ಟು (ಎಂ ಮತ್ತು ಎನ್ ಕ್ಯಾಪಿಟಲ್, ಎಫ್ ಸಣ್ಣದು) ಮಾಸ್ಟರನ್ನು ಮೊದಲೇ ನಿಲ್ಲಿಸಿಟ್ಟುಬಿಡಿ. ಓಟಿಪಿಯನ್ನು ಅಲ್ಲೇ ಒಮ್ಮೆ ಕೊಟ್ಟರಾಯಿತು. ಇನ್ನೊಂದು ಲಾಭವೂ ಇದೆ. ಹಳೆಯ ಆವೃತ್ತಿಗಳಲ್ಲಿ ಎಡಿಟರೇ ಮೊದಲು ಕನೆಕ್ಟ್ ಆಗಿ ಮಾಸ್ಟರ್ ಹುಟ್ಟಿದರೆ, ಹಿನ್ನೆಲೆಗೆ ಸರಿದ ಮಾಸ್ಟರ್ ಎಡಿಟರಿನ ಎರರ್ ಔಟ್‌ಪುಟ್ ಪೈಪನ್ನು ಹಿಡಿದುಕೊಂಡೇ ಇರುತ್ತದೆ. ಪೈಪ್ ಮುಚ್ಚಲಿ ಎಂದು ಎಡಿಟರ್ ಕಾಯುತ್ತಲೇ ಕೂರುತ್ತದೆ. ಮಾಸ್ಟರ್ ಟರ್ಮಿನಲ್ಲಿನಲ್ಲಿ ಹುಟ್ಟಿದ್ದರೆ ಈ ತಾಪತ್ರಯವೇ ಇಲ್ಲ.

ತೊಂದರೆಗಳ ಪಟ್ಟಿಯೂ ಇಲ್ಲೇ ಉದ್ದ, ಯಾಕೆಂದರೆ ಜವಾಬ್ದಾರಿಯೆಲ್ಲ ನಿಮ್ಮದು.

ಮೊದಲನೆಯದು ಸತ್ತ ಕನೆಕ್ಷನ್, ಆರಂಭದಲ್ಲಿ ಹೇಳಿದ್ದು. ಸರ್ವರ್‌ಅಲೈವ್‌ಇಂಟರ್ವಲ್ ಸುಮ್ಮನೆ ಬಿಟ್ಟರೆ ಸೊನ್ನೆಯಾಗಿರುತ್ತದೆ, ಅಂದರೆ ಆಚೆ ಕಡೆ ಉಸಿರಾಡುತ್ತಿದೆಯೇ ಎಂದು ಎಸ್‌ಎಸ್‌ಎಚ್ ವಿಚಾರಿಸುವುದೇ ಇಲ್ಲ. ಅದನ್ನು 15 ಸೆಕೆಂಡಿಗೆ ಇಡಿ. ಉತ್ತರ ಬಾರದೆ ಹೋದರೆ, ನೀವು ಬೇರೆ ಹೇಳದಿದ್ದಲ್ಲಿ, ಮೂರು ಸಲ ನೋಡುವುದರಿಂದ, ಸುಮಾರು 45 ಸೆಕೆಂಡಿನಲ್ಲಿ ಮಾಸ್ಟರ್ ತಾನೇ ಕಳಚಿಕೊಳ್ಳುತ್ತದೆ. ಈ ಬರಹದಿಂದ ಒಂದೇ ಒಂದು ಬದಲಾವಣೆ ಮಾಡುವಿರಾದರೆ ಇದನ್ನು ಮಾಡಿ.

ಎರಡನೆಯದು ಹತ್ತರ ಮಿತಿ. ಸರ್ವರಿನಲ್ಲಿ ಮ್ಯಾಕ್ಸ್‌ಸೆಷನ್ಸ್ ಎಂಬುದು ಬೇರೆ ಹೇಳದಿದ್ದರೆ 10. ಒಂದು ಕನೆಕ್ಷನ್ನಿನಲ್ಲಿ ಏಕಕಾಲಕ್ಕೆ ಹತ್ತು ಸೆಷನ್. ನಾಲ್ಕು ಟರ್ಮಿನಲ್, ಎಡಿಟರಿನ ಮೂರು ನಾಲ್ಕು ಸೆಷನ್, ಲಾಗ್ ನೋಡುವ ಕಿಟಕಿ ಎರಡು, ಅಲ್ಲಿಗೆ ಹತ್ತಾಯಿತು. ಹನ್ನೊಂದನೆಯದನ್ನು ಸರ್ವರ್ ನಿರಾಕರಿಸುತ್ತದೆ. ಆಗ ಎಸ್‌ಎಸ್‌ಎಚ್ ಸುಮ್ಮನಿರದೆ, ಹಂಚಿಕೆ ಬಿಟ್ಟು ಹೊಸ ಕನೆಕ್ಷನ್ ಮಾಡಲು ಹೊರಟು ಪಾಸ್‌ವರ್ಡ್ ಕೇಳುತ್ತದೆ. ಎಡಿಟರಿನ ಒಳಗೆ ಆ ಪ್ರಶ್ನೆ ನಿಮ್ಮ ಕಣ್ಣಿಗೆ ಬೀಳದಿದ್ದರೆ ಎಡಿಟರ್ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಬೆಳಗ್ಗೆ ಎಲ್ಲ ಸರಿ, ಮಧ್ಯಾಹ್ನದ ಹೊತ್ತಿಗೆ ಕಿಟಕಿಗಳು ಹೆಚ್ಚಾದಂತೆ ತೊಂದರೆ ಎಂದಾದರೆ ಇದನ್ನೇ ಅನುಮಾನಿಸಿ. ಅಡ್ಮಿನ್ ಈ ಮಿತಿಯನ್ನು 1ಕ್ಕೆ ಇಳಿಸಿದ್ದರೆ ಆ ಸರ್ವರಿನಲ್ಲಿ ಸೆಷನ್ ಹಂಚಿಕೆ ನಡೆಯುವುದೇ ಇಲ್ಲ. ಅಲ್ಲಿ ಕಾನ್ಫಿಗ್ ಜೊತೆ ಗುದ್ದಾಡಿ ಫಲವಿಲ್ಲ.

ಮೂರನೆಯದು ಸಾಕೆಟ್ಟಿನ ಹಾದಿ. ಲಿನಕ್ಸ್‌ನಲ್ಲಿ ಯೂನಿಕ್ಸ್ ಸಾಕೆಟ್ ಹಾದಿಗೆ 108 ಬೈಟ್, ಮ್ಯಾಕ್‌ನಲ್ಲಿ 104 ಬೈಟ್ ಜಾಗ. ಎಸ್‌ಎಸ್‌ಎಚ್ ಸಾಕೆಟ್ ಹುಟ್ಟಿಸುವಾಗ ಹೆಸರಿನ ಕೊನೆಗೆ ತಾತ್ಕಾಲಿಕವಾಗಿ ಇನ್ನಷ್ಟು ಅಕ್ಷರ ಸೇರಿಸುತ್ತದೆ. ಉದ್ದ ಹೆಸರಿನ ಕ್ಲೌಡ್ ಸರ್ವರುಗಳಲ್ಲಿ ಹಾದಿ ಮಿತಿ ಮೀರಿ "ಟೂ ಲಾಂಗ್" ಎಂಬ ದೂರು ಬರುತ್ತದೆ. ಹೆಸರುಗಳನ್ನು ಪೂರ್ತಿ ಬರೆಯುವ ಬದಲು ಶೇಕಡಾ ಚಿಹ್ನೆಯ ಪಕ್ಕ ಕ್ಯಾಪಿಟಲ್ ಸಿ ಬರೆದರೆ ಯೂಸರ್, ಹೋಸ್ಟ್, ಪೋರ್ಟ್ ಎಲ್ಲ ಸೇರಿ ಒಂದು ನಿಗದಿತ ಉದ್ದದ ಹ್ಯಾಶ್ (ಅವುಗಳಿಂದ ಲೆಕ್ಕ ಹಾಕಿದ ಸಂಕೇತ) ಆಗುತ್ತದೆ. ಸಾಕೆಟ್ ಇಡುವ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು, ಎಸ್‌ಎಸ್‌ಎಚ್ ಅದನ್ನು ಹುಟ್ಟಿಸುವುದಿಲ್ಲ. ನಿಮ್ಮ ಹೊರತು ಬೇರೆ ಯಾರಿಗೂ ಅಲ್ಲಿ ಬರೆಯುವ ಅನುಮತಿ ಇರಬಾರದು. ಹೋಮ್ ಫೋಲ್ಡರ್ ನೆಟ್‌ವರ್ಕ್ ಡಿಸ್ಕಿನಲ್ಲಿದ್ದರೆ ಸಾಕೆಟ್ಟನ್ನು ಅಲ್ಲಿಡದೆ ಲೋಕಲ್ ಡಿಸ್ಕಿನಲ್ಲಿಡಿ.

ನಾಲ್ಕನೆಯದು ತಲೆ ಕೆಡಿಸುವಂಥದ್ದು. ಅಡ್ಮಿನ್ ನಿಮ್ಮನ್ನು ಹೊಸ ಗ್ರೂಪಿಗೆ ಸೇರಿಸಿದ್ದಾರೆ, ಲಾಗೌಟ್ ಆಗಿ ಮತ್ತೆ ಬಂದಿದ್ದೀರಿ, ಆದರೂ ಫೈಲ್ ಸೇವ್ ಆಗುತ್ತಿಲ್ಲ, ಪರ್ಮಿಷನ್ ಇಲ್ಲ ಎನ್ನುತ್ತಿದೆ. ನೀವು ನಿಜವಾಗಿ ಲಾಗೌಟ್ ಆಗಿಯೇ ಇಲ್ಲ. ಮಾಸ್ಟರ್ ಇನ್ನೂ ಹಳೆಯ ಗ್ರೂಪುಗಳನ್ನೇ ಹೊತ್ತು ಕೂತಿದೆ, ಹೊಸ ಸೆಷನ್ನುಗಳಿಗೆ ಅವೇ ಬಳುವಳಿ. 'ಎಕ್ಸಿಟ್' ಕೊಟ್ಟು ಹೊಸದಾಗಿ ಬಂದರೆ ಮಾತ್ರ ಸರಿಹೋಗುತ್ತದೆ. ನಿಮ್ಮ ಏಜೆಂಟನ್ನು ಸರ್ವರಿನಿಂದಲೂ ಬಳಸಲು ಬಿಡುವ ಏಜೆಂಟ್ ಫಾರ್ವರ್ಡಿಂಗ್ ಕೂಡ ಹೀಗೇ, ಮಾಸ್ಟರ್ ಹುಟ್ಟಿದಾಗ ಯಾವ ಏಜೆಂಟ್ ಇತ್ತೋ ಅದೇ ಎಲ್ಲರಿಗೂ.

ದೊಡ್ಡ ಫೈಲನ್ನು ಇದೇ ದಾರಿಯಲ್ಲಿ ಕಳಿಸುವಾಗ ಟೈಪಿಂಗ್ ಜಗ್ಗುತ್ತದೆ, ಎರಡೂ ಒಂದೇ ಟಿಸಿಪಿ ಕನೆಕ್ಷನ್ನಿನಲ್ಲಿ ಸಾಲು ನಿಲ್ಲಬೇಕಲ್ಲ. ಅಂಥ ಕಾಪಿಗೆ ಹಂಚಿಕೆ ಬಿಟ್ಟು ಬೇರೆ ಕನೆಕ್ಷನ್ ತೆಗೆಯಿರಿ. ಇನ್ನು ಹಲವರು ಬಳಸುವ ಕಂಪ್ಯೂಟರಿನಲ್ಲಿ ಕೂತಿದ್ದರೆ, ಅಲ್ಲಿ ರೂಟ್, ಅಂದರೆ ಪೂರ್ತಿ ಆಡಳಿತದ ಅಧಿಕಾರ, ಇರುವ ಯಾರಾದರೂ ನಿಮ್ಮ ಜೀವಂತ ಮಾಸ್ಟರಿನ ಮೂಲಕ ಪಾಸ್‌ವರ್ಡ್ ಇಲ್ಲದೆ ಸರ್ವರಿಗೆ ಹೋಗಬಲ್ಲರು ಎಂಬುದು ನೆನಪಿರಲಿ. ಕಂಟ್ರೋಲ್‌ಪರ್ಸಿಸ್ಟ್ ಇಡೀ ದಿನಕ್ಕಲ್ಲ, ಹತ್ತು ನಿಮಿಷಕ್ಕಿರಲಿ.

ಹಂಚಿಕೆ ಎಡಿಟರಿನ ಕೈಗೆ

ಈಮ್ಯಾಕ್ಸ್ ಎಡಿಟರಿನಲ್ಲಿ ದೂರದ ಫೈಲ್ ತೆರೆಯುವ ಟ್ರ್ಯಾಂಪ್ ಇದಕ್ಕೆ ಒಳ್ಳೆಯ ಉದಾಹರಣೆ. ನೀವೇನೂ ಹೇಳದಿದ್ದರೆ ಅದು ತನ್ನದೇ ಸಾಕೆಟ್ಟಿನ ಹೆಸರು ಕೊಟ್ಟು ತನ್ನದೇ ಮಾಸ್ಟರ್ ಮಾಡಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಉಳಿಸಿಕೊಳ್ಳುವುದೂ ಇಲ್ಲ. ಟರ್ಮಿನಲ್ ಕೆಟ್ಟರೆ ಈಮ್ಯಾಕ್ಸ್ ಕೆಡುವುದಿಲ್ಲ, ಈಮ್ಯಾಕ್ಸ್ ಕೆಟ್ಟರೆ ಟರ್ಮಿನಲ್ ಕೆಡುವುದಿಲ್ಲ. ಕೀ ಮೂಲಕ ಲಾಗಿನ್ ಆಗುವವರಿಗೆ ಇಷ್ಟು ಸಾಕು, ಏನನ್ನೂ ಮುಟ್ಟಬೇಡಿ.

ಎಡವಟ್ಟಾಗುವುದು ನಿಮ್ಮ ಕಾನ್ಫಿಗ್‌ನಲ್ಲೂ ಹಂಚಿಕೆ ಇದ್ದು, ಟ್ರ್ಯಾಂಪ್ ತನ್ನದನ್ನೂ ಹೇರಿದಾಗ. ಬೆಳಗ್ಗೆ ಟರ್ಮಿನಲ್ಲಿನಲ್ಲಿ ಓಟಿಪಿ ಕೊಟ್ಟಿರುತ್ತೀರಿ, ಈಮ್ಯಾಕ್ಸ್ ಮತ್ತೆ ಕೇಳುತ್ತದೆ, ಯಾಕೆಂದರೆ ಅದು ನೋಡುತ್ತಿರುವ ಸಾಕೆಟ್ಟೇ ಬೇರೆ. ಟ್ರ್ಯಾಂಪ್‌ನ ಕನೆಕ್ಷನ್ ಹಂಚಿಕೆಯ ವೇರಿಯೇಬಲ್ಲಿಗೆ 'ನಿಲ್' ಕೊಟ್ಟರೆ ಅದು ಕೈ ಹಿಂತೆಗೆದು ನಿಮ್ಮ ಕಾನ್ಫಿಗನ್ನೇ ಪಾಲಿಸುತ್ತದೆ. 'ಸಪ್ರೆಸ್' ಕೊಟ್ಟರೆ ಹಂಚಿಕೆಯನ್ನೇ ನಿಲ್ಲಿಸುತ್ತದೆ. ಈ ಎರಡಕ್ಕೂ ಅಜಗಜಾಂತರ. ಈಮ್ಯಾಕ್ಸ್ 30ರಲ್ಲಿ ಆ ವೇರಿಯೇಬಲ್ಲಿನ ಹೆಸರು ಬದಲಾಗಿದೆ, ಹಳೆಯ ಸಲಹೆಗಳನ್ನು ಎತ್ತಿ ಅಂಟಿಸುವಾಗ ಗಮನವಿರಲಿ.

ಕೆಟ್ಟಾಗ ಟ್ರ್ಯಾಂಪ್ ಕ್ಲೀನಪ್ ಕಮಾಂಡ್ ಓಡಿಸಿದರೆ ಈಮ್ಯಾಕ್ಸ್ ಮುಚ್ಚದೆಯೇ ಕನೆಕ್ಷನ್ನುಗಳು ಮಾತ್ರ ಕಳಚುತ್ತವೆ, ತೆರೆದ ಫೈಲಿನ ಬಫರ್ ಹಾಗೇ ಇರುತ್ತದೆ. ಮೊದಲ ಸಲ ಕನೆಕ್ಟ್ ಆಗುವಾಗಲೇ ನಿಂತುಬಿಟ್ಟರೆ ಹಂಚಿಕೆಯನ್ನು ಬೈಯುವ ಮುಂಚೆ ಸರ್ವರಿನಲ್ಲಿ ನಿಮ್ಮ ಶೆಲ್ ಪ್ರಾಂಪ್ಟ್ ನೋಡಿ. ಬಣ್ಣ, ಗಿಟ್ ಬ್ರಾಂಚು, ಚಿತ್ರಾಕ್ಷರಗಳಿಂದ ಸಿಂಗರಿಸಿದ ಪ್ರಾಂಪ್ಟನ್ನು ಟ್ರ್ಯಾಂಪ್ ಗುರುತಿಸಲಾರದೆ ಕಾಯುತ್ತಿರುತ್ತದೆ. ಟರ್ಮಿನಲ್ಲಿನ ಬಗೆ ಹೇಳುವ ಟರ್ಮ್ ವೇರಿಯೇಬಲ್ 'ಡಂಬ್' ಆಗಿದ್ದಾಗ ಸಾದಾ ಪ್ರಾಂಪ್ಟ್ ಬರುವಂತೆ ಶೆಲ್ ಫೈಲಿನಲ್ಲಿ ಒಂದು ಷರತ್ತು ಹಾಕಿದರೆ ಮುಗಿಯಿತು.

ಹಂಚಿಕೆಯೇ ಬೇಡ

ಕೀ ಮತ್ತು ಏಜೆಂಟ್ ಇದ್ದು, ಸರ್ವರ್ ಹತ್ತಿರದಲ್ಲಿದ್ದರೆ ಹಂಚಿಕೆಯಿಂದ ಉಳಿಯುವುದು ಒಂದು ಕ್ಷಣ. ಆ ಕ್ಷಣಕ್ಕಾಗಿ ಮೇಲಿನ ಪಟ್ಟಿಯನ್ನೆಲ್ಲ ಹೊರುವುದು ನನಗೆ ಸರಿ ಕಾಣುವುದಿಲ್ಲ. ವಿಂಡೋಸ್‌ನ ಸ್ವಂತ ಓಪನ್‌ಎಸ್‌ಎಸ್‌ಎಚ್ ಬಳಸುವವರಿಗಂತೂ ಆಯ್ಕೆಯೇ ಇಲ್ಲ, ಅದರಲ್ಲಿ ಕಂಟ್ರೋಲ್‌ಮಾಸ್ಟರ್ ಕೆಲಸ ಮಾಡುವುದಿಲ್ಲ. ಬೇಕೇ ಬೇಕೆಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಒಳಗಿನಿಂದ ಮಾಡಬೇಕು.

ನಡುವಿನ ದಾರಿಯೊಂದಿದೆ, ನನಗೆ ತುಂಬ ಹಿಡಿಸಿದ್ದು. ಓಟಿಪಿ ಕೇಳುವುದು ಸಾಮಾನ್ಯವಾಗಿ ಮುಂಬಾಗಿಲಿನ ಜಂಪ್ ಸರ್ವರ್. ಅದನ್ನು ದಾಟಿ ಒಳಗಿನ ಸರ್ವರಿಗೆ ಎಸ್‌ಎಸ್‌ಎಚ್‌ನ ಪ್ರಾಕ್ಸಿಜಂಪ್ ಆಯ್ಕೆಯ ಮೂಲಕ ಹೋಗುವವರು ಹಂಚಿಕೆಯನ್ನು ಆ ಜಂಪ್ ಸರ್ವರಿಗೆ ಮಾತ್ರ ಇಟ್ಟು, ಒಳಗಿನ ಸರ್ವರಿಗೆ ಪ್ರತಿ ಸಲ ಕೀ ಮೂಲಕ ಹೊಸ ಕನೆಕ್ಷನ್ ಮಾಡಿಕೊಳ್ಳಿ. ಓಟಿಪಿ ಒಂದೇ ಸಲ. ಹಳೆಯ ಗ್ರೂಪು, ಹಳೆಯ ಏಜೆಂಟಿನ ಗೊಂದಲ ಒಳಗಿನ ಸರ್ವರಿನಲ್ಲಿ ಇರುವುದಿಲ್ಲ. ಜಂಪ್ ಮೂಲಕ ಹಾದುಹೋಗುವುದು ಸೆಷನ್ ಅಲ್ಲ, ಬರೀ ಫಾರ್ವರ್ಡಿಂಗ್ (ದಾಟಿಸುವಿಕೆ) ಆದ್ದರಿಂದ ಹತ್ತರ ಮಿತಿಯ ಲೆಕ್ಕಕ್ಕೂ ಬರುವುದಿಲ್ಲ.

ಒಂದು ಸೂಚನೆ: 2022ರ 9.0ನೇ ಆವೃತ್ತಿಯಿಂದ ಎಸ್‌ಸಿಪಿ ಒಳಗೊಳಗೆ ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೇಲೆ ಫೈಲ್ ಸಾಗಿಸುವ ಇನ್ನೊಂದು ವಿಧಾನ) ಬಳಸುತ್ತದೆ. ಎಸ್‌ಎಫ್‌ಟಿಪಿ ಇಲ್ಲದ ಸಣ್ಣ ಸಾಧನಗಳಿಗೆ, ರೂಟರಿನಂಥವಕ್ಕೆ, ಎಡಿಟರಿನಿಂದ ಸೇವ್ ಆಗದಿದ್ದರೆ ಎಸ್‌ಸಿಪಿಗೆ ಹೈಫನ್ ಕ್ಯಾಪಿಟಲ್ ಓ ಕೊಟ್ಟು ಹಳೆಯ ರೀತಿಗೆ ತಿರುಗಿಸಿ. ಇದಕ್ಕೂ ಹಂಚಿಕೆಗೂ ಸಂಬಂಧವಿಲ್ಲ, ಆದರೆ ಜನ ಹಂಚಿಕೆಯನ್ನೇ ದೂರುತ್ತಾರೆ.

ಎಸ್‌ಎಸ್‌ಎಚ್‌ಎಫ್‌ಎಸ್

ಈ ಸಾಧನ ಬಳಸಿದರೆ ಸರ್ವರಿನ ಫೋಲ್ಡರ್ ನಿಮ್ಮದೇ ಡಿಸ್ಕಿನಲ್ಲಿರುವಂತೆ ಕಾಣುತ್ತದೆ. ಯಾವ ಎಡಿಟರಾದರೂ ಆಗುತ್ತದೆ, ಸರ್ವರಿನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಎಸ್‌ಎಫ್‌ಟಿಪಿ ಇದ್ದರೆ ಸಾಕು. ಎರಡು ಮೂರು ಫೈಲಿಗೆ ಚೆನ್ನ. ದೊಡ್ಡ ಪ್ರಾಜೆಕ್ಟ್ ತೆರೆದು ಹುಡುಕಲು ಹೊರಟರೆ ಪ್ರತಿ ಫೈಲಿಗೂ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು, ಸಾಕಾಗಿಹೋಗುತ್ತದೆ. ಕನೆಕ್ಷನ್ ಕಡಿದರೆ ಎಡಿಟರ್ ಮಾತ್ರವಲ್ಲ, ಆ ಫೋಲ್ಡರನ್ನು ಮುಟ್ಟಿದ ಪ್ರತಿಯೊಂದು ಪ್ರೋಗ್ರಾಮೂ ತೂಗುಬೀಳುತ್ತದೆ. ಬಳಸುವುದಾದರೆ ರೀಕನೆಕ್ಟ್ ಆಯ್ಕೆ, ಸರ್ವರ್‌ಅಲೈವ್‌ಇಂಟರ್ವಲ್ ಎರಡನ್ನೂ ಕೊಡಿ, ಕಂಟ್ರೋಲ್‌ಪಾತ್‌ಗೆ 'ನನ್' ಕೊಟ್ಟು ಹಂಚಿಕೆಯಿಂದ ಹೊರಗಿಡಿ. ಮಾಸ್ಟರ್ ಬೇರೆ ಕಾರಣಕ್ಕೆ ಕೆಳಗಿಳಿದಾಗ ಮೌಂಟ್, ಅಂದರೆ ಹೀಗೆ ಜೋಡಿಸಿಕೊಂಡ ಫೋಲ್ಡರ್, ಕೂಡ ಜೊತೆಗೆ ಬೀಳಬಾರದು.

ಸರ್ವರಿನಲ್ಲೇ ಎಡಿಟರಿನ ಅರ್ಧ

ವಿಎಸ್ ಕೋಡ್ ಎಡಿಟರಿನ ರಿಮೋಟ್ ಎಸ್‌ಎಸ್‌ಎಚ್ ಎಂಬ ಎಕ್ಸ್‌ಟೆನ್ಷನ್, ಸರ್ವರಿನ ಹೋಮ್ ಫೋಲ್ಡರಿನಲ್ಲಿ ತನ್ನದೊಂದು ಸರ್ವರ್ ಭಾಗವನ್ನು ಇನ್‌ಸ್ಟಾಲ್ ಮಾಡುತ್ತದೆ. ಹುಡುಕಾಟ, ಎಕ್ಸ್‌ಟೆನ್ಷನ್, ಟರ್ಮಿನಲ್ ಎಲ್ಲ ಅಲ್ಲೇ ಓಡುತ್ತವೆ. ದಿನವಿಡೀ ದೊಡ್ಡ ಪ್ರಾಜೆಕ್ಟಿನಲ್ಲಿ ಇರುವವರಿಗೆ ಇದರ ಹಿತ ಉಳಿದವುಗಳಲ್ಲಿ ಸಿಗುವುದಿಲ್ಲ. ಕನೆಕ್ಷನ್ ಕಡಿದರೆ ತಾನೇ ಮತ್ತೆ ಜೋಡಿಸಿಕೊಳ್ಳಲು ನೋಡುತ್ತದೆ.

ಬೆಲೆ ತೆರುವುದು ಸರ್ವರ್. ಕನಿಷ್ಠ 1 ಜಿಬಿ ಮೆಮೊರಿ ಬೇಕು, 2 ಜಿಬಿ ಮತ್ತು ಎರಡು ಕೋರ್ ಇದ್ದರೆ ಒಳ್ಳೆಯದು ಎಂಬುದು ಅವರದೇ ಶಿಫಾರಸು. 512 ಎಂಬಿಯ ಸಣ್ಣ ವರ್ಚುಯಲ್ ಮೆಷೀನಿನಲ್ಲಿ ಇದನ್ನು ಪ್ರಯತ್ನಿಸಲು ಹೋಗಿ ಪಕ್ಕದಲ್ಲಿ ಓಡುತ್ತಿರುವ ಡೇಟಾಬೇಸನ್ನು ಅಪಾಯಕ್ಕೊಡ್ಡಬೇಡಿ. 2025ರ 1.99ನೇ ಆವೃತ್ತಿಯಿಂದ ಸರ್ವರಿನಲ್ಲಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28 ಅಥವಾ ಅದಕ್ಕಿಂತ ಹೊಸದು ಇರಬೇಕು, ಹಳೆಯ ಲಿನಕ್ಸ್ ಹಾಗೇ ಬಿಟ್ಟಿರುವ ಕಡೆ ಇದೇ ಕಾರಣಕ್ಕೆ ನಿಂತುಹೋಗುತ್ತದೆ. ಸರ್ವರಿನಲ್ಲಿ ಟಿಸಿಪಿ ಫಾರ್ವರ್ಡಿಂಗ್ ಬಂದ್ ಆಗಿದ್ದರೂ ನಡೆಯುವುದಿಲ್ಲ. ಕನೆಕ್ಟ್ ಆಗುತ್ತ ಆಗುತ್ತ ಸುತ್ತುತ್ತಲೇ ಇದ್ದರೆ, ಕಮಾಂಡ್ ಪಟ್ಟಿಯಲ್ಲಿ ಆ ಹೋಸ್ಟಿನ ವಿಎಸ್ ಕೋಡ್ ಸರ್ವರನ್ನು ಕೊಲ್ಲುವ ಆಯ್ಕೆಯಿದೆ, ಮೊದಲು ಅದನ್ನು ಒತ್ತಿ.

ಟಿಮಕ್ಸ್ ಒಳಗೆ ಎಡಿಟರ್

ಸರ್ವರಿಗೆ ಹೋಗಿ, ಕನೆಕ್ಷನ್ ಹೋದರೂ ಟರ್ಮಿನಲ್ಲನ್ನು ಸರ್ವರಿನಲ್ಲೇ ಓಡಿಸುತ್ತಿರುವ ಟಿಮಕ್ಸ್ ತೆರೆದು, ಅದರೊಳಗೆ ವಿಮ್ ಅಥವಾ ಈಮ್ಯಾಕ್ಸ್. ಫೈಲೂ ಅಲ್ಲೇ, ಎಡಿಟರೂ ಅಲ್ಲೇ. ಕನೆಕ್ಷನ್ ಕಡಿದರೂ ಬರೆದ ಅಕ್ಷರ ಒಂದೂ ಹೋಗುವುದಿಲ್ಲ, ಮತ್ತೆ ಬಂದು ಅಟ್ಯಾಚ್ ಮಾಡಿದರೆ ಕರ್ಸರ್ ಬಿಟ್ಟ ಜಾಗದಲ್ಲೇ ಮಿನುಗುತ್ತಿರುತ್ತದೆ. ಕೆಟ್ಟ ನೆಟ್‌ವರ್ಕ್, ಬಡ ಸರ್ವರ್ ಎರಡಕ್ಕೂ ಇದೇ ಮದ್ದು. ಕೊರತೆ ಎಂದರೆ ಪ್ರತಿ ಕೀ ಒತ್ತಿದಾಗಲೂ ಅಕ್ಷರ ಸರ್ವರಿಗೆ ಹೋಗಿ ಬರಬೇಕು. ದೂರದ ಸರ್ವರಾದರೆ ಬೆರಳಿಗೂ ಕಣ್ಣಿಗೂ ತಾಳ ತಪ್ಪುತ್ತದೆ. ಸರ್ವರಿನಲ್ಲಿ ಮಾಶ್ (ಒತ್ತಿದ ಅಕ್ಷರವನ್ನು ಕಾಯದೆ ತೋರಿಸುವ, ಎಸ್‌ಎಸ್‌ಎಚ್ ಬದಲಿಗೆ ಬಳಸುವ ಪ್ರೋಗ್ರಾಮ್) ಹಾಕಲು ಮತ್ತು ಯುಡಿಪಿ ಪೋರ್ಟ್ ತೆರೆಯಲು ಅವಕಾಶವಿದ್ದರೆ ಆ ಬಾಧೆ ಬಹಳ ಕಡಿಮೆಯಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಓಟಿಪಿಯ ಕಾಟವಿದ್ದು ಆಗಾಗ ಸಣ್ಣ ಫೈಲ್ ತಿದ್ದುವವರು ಹಂಚಿಕೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿ, ಜಂಪ್ ಸರ್ವರಿದ್ದರೆ ಅದಕ್ಕಷ್ಟೇ ಸಾಕು. ಕೀ ಇರುವ ಈಮ್ಯಾಕ್ಸ್ ಬಳಕೆದಾರರು ಟ್ರ್ಯಾಂಪ್ ಇದ್ದಂತೆ ಬಿಡಲಿ. ಮೆಮೊರಿ ಧಾರಾಳವಾಗಿರುವ ಹೊಸ ಸರ್ವರಿನಲ್ಲಿ ದಿನವಿಡೀ ಕೋಡ್ ಬರೆಯುವವರಿಗೆ ವಿಎಸ್ ಕೋಡ್. ಓಡಾಡುತ್ತ, ಕಡಿದುಹೋಗುವ ಇಂಟರ್ನೆಟ್ ನೆಚ್ಚಿಕೊಂಡು ಕೆಲಸ ಮಾಡುವವರಿಗೆ ಟಿಮಕ್ಸ್. ಎಸ್‌ಎಸ್‌ಎಚ್‌ಎಫ್‌ಎಸ್ ಅನ್ನು ನಾನು ಕೊನೆಗಿಡುತ್ತೇನೆ, ಬಿಡಲಾಗದ ಎಡಿಟರೊಂದಕ್ಕೆ ದೂರದ ಫೈಲ್ ತೆರೆಯುವ ಬೇರೆ ದಾರಿ ಇಲ್ಲದಿದ್ದಾಗ ಮಾತ್ರ.

ನಾನು ಈಗ ಎರಡು ಇಟ್ಟುಕೊಂಡಿದ್ದೇನೆ. ಜಂಪ್ ಸರ್ವರಿಗೆ ಹತ್ತು ನಿಮಿಷದ ಹಂಚಿಕೆ, 15 ಸೆಕೆಂಡಿನ ವಿಚಾರಣೆ. ಪ್ರಾಣ ಹೋಗುವಷ್ಟು ಮುಖ್ಯವಾದ ತಿದ್ದುಪಡಿ, ಅಂದರೆ ಓಡುತ್ತಿರುವ ಸರ್ವರಿನ ಫೈರ್‌ವಾಲ್ ಅಥವಾ ಎಸ್‌ಎಸ್‌ಎಚ್ ಸರ್ವರಿನದೇ ಕಾನ್ಫಿಗ್ ಆದರೆ, ಟಿಮಕ್ಸ್ ಒಳಗೇ. ಆಗ ಪಕ್ಕದಲ್ಲಿ ಇನ್ನೊಂದು ಲಾಗಿನ್ ತೆರೆದಿಟ್ಟು, ಸೇವ್ ಆದ ಮೇಲೆ ಹಂಚಿಕೆಯಿಲ್ಲದ ಮೂರನೆಯ ಲಾಗಿನ್ ಮಾಡಿ ನೋಡುತ್ತೇನೆ. ಹಂಚಿಕೊಂಡ ಕನೆಕ್ಷನ್ನಿನಲ್ಲಿ ಪರೀಕ್ಷಿಸಿದರೆ ಅದು ಹಳೆಯ ಲಾಗಿನ್ನಿನ ಬಲದಲ್ಲೇ ಒಳಗೆ ಬಿಡುತ್ತದೆ, ಹೊಸ ಕಾನ್ಫಿಗ್ ತಪ್ಪಾಗಿದ್ದರೂ ಗೊತ್ತಾಗುವುದಿಲ್ಲ.